ಅಕ್ಕನ ಚೀಲ ಹಡಗಿಳಿದ ಬೆಳಿಗ್ಗೆ

ಅಟ್ಟ ಗುಡಿಸುವ ಹುಕಿ ನಮ್ಮ ಮನೆಯವಳಿಗೆ ಬರುವುದು ವರ್ಷಕ್ಕೊಂದೇ ಸಲ. ಅದೂ ನಾನು ಮಧ್ಯಾಹ್ನ ಮುದ್ದೆ ಉಂಡು, ಮಂಚದ ಮೇಲೆ ಮೈ ಚೆಲ್ಲಿ, ಇನ್ನೇನು ಕಣ್ಣು ಹತ್ತಬೇಕು ಅನ್ನುವ ಗಳಿಗೆ ನೋಡಿಕೊಂಡು. ಮೊನ್ನೆಯೂ ಹಾಗೇ ಆಯಿತು. ಮೇಲಿನಿಂದ ಒಂದು ತಗಡಿನ ಡಬ್ಬ, ಒಂದು ಕೆಟ್ಟ ಟೇಬಲ್ ಫ್ಯಾನು, ಅದರ ಹಿಂದೆಯೇ ನನ್ನ ಬೂದು ಬಣ್ಣದ ಸೂಟ್‌ಕೇಸು ಇಳಿದು ಬಂದವು.

"ಒಂದು ಗಾಲಿ ಇಲ್ಲ, ಜಿಪ್ಪು ಬಾಯಿ ಬಿಟ್ಟೈತೆ. ಇದನ್ನ ಯಾತಕ್ಕೆ ಮಡಿಕ್ಕಂಡಿದೀರ? ಗುಜರಿಯೋನಿಗೆ ಹಾಕ್ಲಾ?" ಎಂದಳು.

ನಾನು ಎದ್ದು ಕೂತೆ. ಹಿಡಿಕೆಗೆ ಕಟ್ಟಿದ್ದ ಕಿತ್ತಳೆ ಬಣ್ಣದ ಚೀಟಿ ಇನ್ನೂ ಹಾಗೇ ನೇತಾಡುತ್ತಿತ್ತು. "ಬ್ಯಾಡ ಕಣೆ, ಮ್ಯಾಲಿಡು" ಅಂದೆ. ಅವಳು ಹಣೆ ಚಚ್ಚಿಕೊಂಡಳು. ನನ್ನ ನಿದ್ದೆಯಂತೂ ಹೋಯಿತು.

ನಿಮಗೆ ನನ್ನ ಹಡಗಿನ ಕಥೆ ಹೇಳಿಲ್ಲ, ಅಲ್ಲವೇ? ಹೊಳಲ್ಕೆರೆಯಲ್ಲಿ ಅದನ್ನು ಕೇಳದವರು ಯಾರೂ ಉಳಿದಿಲ್ಲ. ನನ್ನದು ಲಗ್ನಪತ್ರಿಕೆ, ಗೃಹಪ್ರವೇಶದ ಪತ್ರಿಕೆ ಅಚ್ಚು ಹಾಕುವ ಪುಟ್ಟ ಪ್ರೆಸ್ಸು. ಪತ್ರಿಕೆ ಹಾಕಿಸಲು ಬಂದವರನ್ನು ಕೂರಿಸಿಕೊಂಡು, ಚಹಾ ತರಿಸಿ, ಹಡಗು ಹತ್ತಿಸಿಯೇ ಕಳಿಸುತ್ತಿದ್ದೆ. ಈಗೀಗ ಅವರೆಲ್ಲ ಬಾಗಿಲಿಗೆ ಬರುವುದೇ ಬಿಟ್ಟು, ಹುಡುಗ ಹುಡುಗಿಯ ಹೆಸರನ್ನು ಫೋನಿನಲ್ಲೇ ಕಳಿಸುತ್ತಾರೆ. ಇನ್ನು ನೀವೇ ಗತಿ. ಹೆದರಬೇಡಿ, ಹತ್ತಿದ ಕಥೆ ಹೇಳಿ ಕೊರೆಯುವುದಿಲ್ಲ. ಹಡಗು ಹತ್ತುವುದೇನು ಮಹಾ, ಟಿಕೀಟಿದ್ದ ಯಾರು ಬೇಕಾದರೂ ಹತ್ತುತ್ತಾರೆ. ಇದು ಇಳಿದ ಕಥೆ.

ನಾನು ದುಡ್ಡು ಕೊಟ್ಟು ಹಡಗು ಹತ್ತುವ ಪೈಕಿ ಅಲ್ಲ ಅನ್ನುವುದು ನಿಮಗೆ ಆಗಲೇ ತಿಳಿದಿರಬೇಕು. ಇದು ನನ್ನ ಅಕ್ಕನ ಮಗ ಮಂಜನ ಪುಣ್ಯ. ಶ್ರೀರಾಂಪುರದಲ್ಲಿ ಅವನದು ಸಿಮೆಂಟಿನ ಅಂಗಡಿ. ಹೆಚ್ಚು ಮೂಟೆ ಮಾರಿದ ಅಂಗಡಿಯವರಿಗೆ ಸಿಮೆಂಟು ಕಂಪನಿ ವರ್ಷಕ್ಕೊಂದು ಬಹುಮಾನ ಕೊಡುತ್ತದೆ. ಒಂದು ವರ್ಷ ಗೋಡೆ ಗಡಿಯಾರ, ಇನ್ನೊಂದು ವರ್ಷ ಮಿಕ್ಸಿ. ಆ ವರ್ಷ ಕಂಪನಿಗೆ ಏನಾಗಿತ್ತೋ, ಮುಂಬೈನಿಂದ ಗೋವಾಕ್ಕೆ ಹೋಗಿ ಮುಂಬೈಗೇ ತಿರುಗಿ ಬರುವ ಹಡಗಿನ ಪ್ರವಾಸ ಕೊಟ್ಟಿತು, ಮನೆಯ ಇಬ್ಬರಿಗೆ. ಮಂಜನ ಹೆಂಡತಿಗೆ ನೀರು ಕಂಡರೆ ತಲೆ ಸುತ್ತುತ್ತದೆ. ಮಂಜನಿಗೆ ಅಂಗಡಿ ಬಿಡಲು ಮನಸ್ಸಿಲ್ಲ. "ಅವ್ವಾ, ನೀನೂ ಹೊಳಲ್ಕೆರೆ ಮಾವನೂ ಹೋಗಿ ಬರ್ರಿ" ಎಂದುಬಿಟ್ಟ.

ಇಷ್ಟು ಒಳ್ಳೆಯ ಮಗ ಎಲ್ಲಿದ್ದಾನೆ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ. ಅದರ ಹಿಂದೆ ಅವನದೊಂದು ಲೆಕ್ಕಾಚಾರವಿತ್ತು. ಅದು ತಿಳಿಯಬೇಕಾದರೆ ನಿಮಗೆ ನಮ್ಮ ಅಕ್ಕ ಗೊತ್ತಾಗಬೇಕು.

ಅಕ್ಕನ ಹೆಸರು ಗಂಗಮ್ಮ. ನನಗಿಂತ ಬಹಳ ದೊಡ್ಡವಳು. ನಾನು ಹುಟ್ಟಿದಾಗ ಅವ್ವ ಹೊಲ, ದನ, ಕಣ ಅಂತ ಓಡಾಡುತ್ತಿದ್ದಳು. ನನ್ನನ್ನು ಕಂಕುಳಿಗೇರಿಸಿಕೊಂಡು ಬೆಳೆಸಿದವಳು ಅಕ್ಕ. "ನಾ ಹೊತ್ತ ಮೊದ್ಲನೇ ಲಗೇಜು ನೀನು ಕಣೋ ರುದ್ರ. ಕೆಳಗಿಳಿಸಿದ್ರೆ ಸಾಕು, ಊರೆಲ್ಲ ಕೇಳಂಗೆ ಬಡ್ಕಂತಿದ್ದೆ" ಎಂದು ಇವತ್ತಿಗೂ ನಾಲ್ಕು ಜನರ ಮುಂದೆ ಹೇಳುತ್ತಾಳೆ. ನನ್ನ ತಲೆ ಪೂರ್ತಿ ಬೋಳಾಗಿದೆ, ಅವಳಿಗೆ ಅದರ ಪರಿವೆಯೇ ಇಲ್ಲ.

ಆ ಕಂಕುಳು ಆಮೇಲೆ ಖಾಲಿ ಕೂರಲೇ ಇಲ್ಲ. ಬಾಣಂತನ ಅಂದರೆ ನಮ್ಮ ಬಳಗದಲ್ಲಿ ಗಂಗಮ್ಮ. ಹೊಸದುರ್ಗವಾಗಲಿ, ಹಿರಿಯೂರಾಗಲಿ, ಹೊರಕೆರೆದೇವಪುರವಾಗಲಿ, ಬಸುರಿಗೆ ನೋವು ಕಾಣಿಸಿತೆಂದರೆ ಮೊದಲ ಫೋನು ಡಾಕ್ಟರಿಗೆ, ಎರಡನೆಯದು ಅಕ್ಕನಿಗೆ. ಮಾರನೆಯ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿ, ಮೊದಲ ಬಸ್ಸಿಗೆ ಅಕ್ಕ ಹಾಜರು. ಕೈಯಲ್ಲಿ ಕಂದು ಬಣ್ಣದ ರೆಕ್ಸಿನ್ ಚೀಲ. ಅದರೊಳಗೆ ಹರಳೆಣ್ಣೆ ಸೀಸೆ, ಸಾಂಬ್ರಾಣಿ, ಬಜೆ, ಹಳೇ ಹತ್ತಿ ಸೀರೆ ಹರಿದು ಮಡಿಸಿಟ್ಟ ಬಟ್ಟೆಗಳು, ಎಲ್ಲಕ್ಕಿಂತ ಕೆಳಗೆ ತೇಯುವ ಕಲ್ಲು. ಕೂಸಿನ ಹೊಟ್ಟೆನೋವಿಗೆ ಬಜೆ ತೇಯುವುದು ಅದರ ಮೇಲೆ. ನಮ್ಮ ಅಜ್ಜಿಯ ಕಾಲದ್ದು, ತೇಯ್ದು ತೇಯ್ದು ನಡುವೆ ಗುಳಿ ಬಿದ್ದಿದೆ. ಆ ಗುಳಿಯಲ್ಲಿ ನನ್ನ ಹೊಟ್ಟೆನೋವಿನ ಪಾಲೂ ಒಂದಿಷ್ಟು ಇರಬೇಕು.

ಆ ಚೀಲವನ್ನು ಅಕ್ಕ ಯಾರ ಕೈಗೂ ಕೊಟ್ಟವಳಲ್ಲ. ಬಸ್ಸಿನ ಕಂಡಕ್ಟರು "ಯಜಮಾನ್ತಿ, ಟಾಪಿಗೆ ಹಾಕ್ತೀನಿ ಕೊಡ್ರಿ" ಅಂದರೆ, "ಕೂಸಿನ ಸಾಮಾನಪ್ಪ ಇದು, ಮಡಿಲಾಗಿರ್ಬೇಕು" ಅನ್ನುತ್ತಿದ್ದಳು. ಒಮ್ಮೆ ನಾನು ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮರ್ಯಾದೆಗೆಂದು ಕೈ ಚಾಚಿ, ಎಲ್ಲರೆದುರಿಗೆ ಕೈಮೇಲೆ ಏಟು ತಿಂದಿದ್ದೇನೆ. ಆಗ ನನಗೆ ಮದುವೆಯೂ ಆಗಿತ್ತು.

ಹೀಗಿದ್ದ ಅಕ್ಕನಿಗೆ ಎರಡೂ ಮಂಡಿ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಅಂಗಳದಲ್ಲಿ ಸರಸರ ಓಡಾಡತೊಡಗಿದಳು. ಆದರೆ ಮಂಜ ಗೇಟಿಗೆ ಚಿಲಕ ಹಾಕಿದ. ಒಬ್ಬಳೇ ಬಸ್ಸು ಹತ್ತಬಾರದು, ಚೀಲ ಹೊರಬಾರದು, ನೆಲದ ಮೇಲೆ ಕೂರಬಾರದು. ಅದೇ ಹೊತ್ತಿಗೆ ಹಿರಿಯೂರಿನಲ್ಲಿ ಅಕ್ಕನ ಮೊಮ್ಮಗಳು ಶ್ವೇತಾ, ಅಂದರೆ ಮಂಜನ ತಂಗಿಯ ಮಗಳು, ಹೆರಿಗೆಗೆಂದು ತವರಿಗೆ ಬಂದು ಕೂತಿದ್ದಳು. "ಅಜ್ಜೀ, ನನ್ನ ಕೂಸಿಗೆ ನೀನೇ ನೀರು ಹಾಕ್ಬೇಕು" ಎಂದು ಅವಳು ಫೋನಿನಲ್ಲಿ ಅಂದಿದ್ದಳು. ಅಕ್ಕ ಹೂಂ ಅಂದಿದ್ದಳು. ಅಲ್ಲಿಂದ ಶುರುವಾಯಿತು ತಾಯಿ ಮಗನ ಜಗಳ. ನಾನು ಒಂದು ಭಾನುವಾರ ಹೋದಾಗ ಜಗಲಿಯ ಮೇಲೆ ಅದು ಕಾವೇರಿತ್ತು.

"ಅವ್ವಾ, ಹಿರಿಯೂರಿಗೆ ನೀ ಹೋಗಂಗಿಲ್ಲ. ಕೆಳಗೆ ಕುಂತ್ಕಬ್ಯಾಡ್ರಿ ಅಂತ ಡಾಕ್ಟ್ರು ಹೇಳವ್ರೆ."

"ಕೂಸಿಗೆ ನೀರು ಹಾಕೋರು ಕಾಲು ನೀಡ್ಕಂಡು ಕುಂತ್ಕಂತಾರೆ. ಮಂಡಿ ಮಡಚೋ ಕೆಲಸ ಎಲ್ಲೈತೆ ಅದ್ರಾಗೆ?"

"ಕುಂತ್ಕಳಾದು ಹೆಂಗೆ? ಏಳಾದು ಹೆಂಗೆ?"

"ಹೆಂಗೋ ಏಳ್ತೀನಿ. ಏಳಾಕಾಗ್ಲಿಲ್ಲ ಅಂದ್ರೆ ಅಲ್ಲೇ ಕುಂತಿರ್ತೀನಿ. ನಿಂಗೇನು ಕಷ್ಟ?"

ಮಂಜ ನನ್ನ ಮುಖ ನೋಡಿದ. ನಾನು ಮಂಡಕ್ಕಿ ತಟ್ಟೆ ನೋಡಿದೆ. ಇಂಥ ಹೊತ್ತಿನಲ್ಲಿ ಬಾಯಿ ತುಂಬ ಮಂಡಕ್ಕಿ ಇರುವುದು ದೊಡ್ಡ ಅನುಕೂಲ.

ಹಡಗಿನ ಬಹುಮಾನ ಬಂದದ್ದು ಆಗ. ಅವ್ವನನ್ನು ಸಮುದ್ರಕ್ಕೆ ಕಳಿಸಿದರೆ ಹಿರಿಯೂರಿನ ಧ್ಯಾನ ಬಿಡುತ್ತಾಳೆ, ಅಷ್ಟರಲ್ಲಿ ಅಲ್ಲಿ ಬೇರೆ ಯಾರನ್ನಾದರೂ ಗೊತ್ತು ಮಾಡಿದರಾಯಿತು ಅನ್ನುವುದು ಮಂಜನ ಲೆಕ್ಕಾಚಾರ. ಅದನ್ನು ಕೆಡಿಸಿದವನು ನಾನು. ಕಂಪನಿಯವರು ಫೋನಿಗೆ ಕಳಿಸಿದ್ದ ಸೂಚನೆಗಳನ್ನು ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ನನ್ನ ಇಂಗ್ಲಿಷನ್ನು ನಾಲ್ಕು ಜನ ಕೇಳಲಿ ಎಂಬ ಚಟ. ಕೊನೆಯಲ್ಲಿ ಇಳಿಯುವ ದಿನದ ವಿಚಾರವಿತ್ತು. ಹಿಂದಿನ ಸಂಜೆಯೇ ಪೆಟ್ಟಿಗೆಗಳನ್ನು ಬಾಗಿಲ ಹೊರಗಿಟ್ಟರೆ ಹಡಗಿನವರೇ ಕೆಳಗೆ ಸಾಗಿಸುತ್ತಾರೆ, ಅಂಥವರು ತಮ್ಮ ಸರದಿ ಬಂದಾಗ ನಿಧಾನಕ್ಕೆ ಇಳಿಯಬೇಕು. ತಮ್ಮ ಸಾಮಾನು ತಾವೇ ಹೊರುವವರು ಎಲ್ಲರಿಗಿಂತ ಮೊದಲು ಇಳಿಯಬಹುದು, ಆದರೆ ಅವರಿಗೆ ಯಾರ ಸಹಾಯವೂ ಸಿಗುವುದಿಲ್ಲ.

"ಇನ್ನೊಂದ್ಸಲ ಓದು" ಅಂದಳು ಅಕ್ಕ. ಓದಿದೆ. ಅವಳು ಮಗನ ಕಡೆ ತಿರುಗಿದಳು. "ಕೇಳಿಸ್ಕಂಡೇನೋ ಮಂಜ? ನನ್ನ ಚೀಲ ನಾನೇ ಹೊತ್ಕಂಡು ಮೊದ್ಲು ಇಳೀತೀನಿ. ಇಳಿದ್ರೆ ಹಿರಿಯೂರಿಗೆ ಹೋಗಾಳೇ. ಇಳಿಯಾಕಾಗ್ಲಿಲ್ಲ ಅಂದ್ರೆ ಇನ್ನ ಹಿರಿಯೂರು ಅಂತ ಬಾಯಿ ಬಿಡಲ್ಲ. ಆತಾ?"

ಅವ್ವ ಹೊತ್ತು ಇಳಿಯಲಾರಳು ಅನ್ನುವುದು ಮಂಜನ ನಂಬಿಕೆ. ಹಡಗಿನ ಫೋಟೋ ನೋಡಿದ್ದನಲ್ಲ, ನಮ್ಮ ತಾಲ್ಲೂಕು ಆಫೀಸನ್ನು ಒಂದರ ಮೇಲೊಂದು ಪೇರಿಸಿದ ಹಾಗಿತ್ತು. "ಆತವ್ವ" ಎಂದ. "ಮಾವ, ನೀನೇ ಸಾಕ್ಷಿ. ಅವಳ ಚೀಲಕ್ಕೆ ಯಾರೂ ಕೈ ಹಾಕಂಗಿಲ್ಲ. ನೀನೂ."

ಇನ್ನೂ ಹುಟ್ಟದ ಒಂದು ಕೂಸಿನ ಸ್ನಾನ ನನ್ನ ಸಾಕ್ಷಿಯ ಮೇಲೆ ನಿಂತದ್ದು ಹೀಗೆ.

ಇಲ್ಲಿ ನಮ್ಮ ಕಡೆಯವರ ಇಳಿಯುವ ಚಾಳಿಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಬಸ್ಸು ಹತ್ತುವಾಗ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು ನಾವು. ಅಷ್ಟು ಕಷ್ಟಪಟ್ಟು ಹಿಡಿದ ಸೀಟನ್ನು ಊರು ಇನ್ನೂ ಎಲ್ಲೋ ಇರುವಾಗಲೇ ಬಿಟ್ಟು, ಗಂಟುಮೂಟೆ ಸಮೇತ ಬಾಗಿಲಿಗೆ ಹೋಗಿ ನೇತಾಡುತ್ತೇವೆ. ನಮ್ಮಪ್ಪ ಇದರಲ್ಲಿ ಎತ್ತಿದ ಕೈ. ಶ್ರೀರಾಂಪುರದ ಬಸ್ಸಿನಲ್ಲಿ ಹಿಂದಿನ ಊರು ದಾಟುತ್ತಿದ್ದ ಹಾಗೇ, "ಏಳ್ರಿ, ಏಳ್ರಿ, ಊರು ಬಂತು" ಎಂದು ನಮ್ಮನ್ನೆಲ್ಲ ಎಬ್ಬಿಸುತ್ತಿದ್ದ. ಮಿಕ್ಕ ದಾರಿಯೆಲ್ಲ ನಾನು ಅಪ್ಪನ ಪಂಚೆ ಹಿಡಿದು ತೂಕಡಿಸುತ್ತ ನಿಂತಿರಬೇಕು. ಬಸ್ಸು ನಮ್ಮನ್ನು ಇಳಿಸದೆ ಹೋಗಿಬಿಡುತ್ತದೆ ಅನ್ನುವ ಭಯ ನಮ್ಮ ಮನೆತನಕ್ಕೆ ಎಲ್ಲಿಂದ ಅಂಟಿತೋ ಕಾಣೆ. ಒಂದು ಸಲವೂ ಹಾಗಾದದ್ದಿಲ್ಲ.

ಮುಂಬೈ ಬಂದರಿನಲ್ಲಿ ಮೊದಲನೇ ತೊಡಕು ಎದುರಾಯಿತು. ಅಕ್ಕನ ಚೀಲ ತಪಾಸಣೆಯ ಯಂತ್ರದೊಳಗೆ ಹೋಗಿದ್ದು ಹೊರಗೆ ಬರಲೇ ಇಲ್ಲ. ಪರದೆ ನೋಡುತ್ತಿದ್ದವನು ಇನ್ನೊಬ್ಬನನ್ನು ಕರೆದ. ಇಬ್ಬರೂ ಸೇರಿ ಮೂರನೆಯವರಾಗಿ ಖಾಕಿ ಸೀರೆಯ ಒಬ್ಬ ಹೆಂಗಸನ್ನು ಕರೆದರು. ಚೀಲ ಬಿಚ್ಚಿಸಿದರು. ಹತ್ತಿ ಬಟ್ಟೆ, ಹರಳೆಣ್ಣೆ, ರೊಟ್ಟಿ ಕಟ್ಟು, ಶೇಂಗಾ ಚಟ್ನಿಪುಡಿ, ಕೆಳಗೆ ಅದೇ ಕಲ್ಲು.

"ಅಕ್ಕಾ! ಇದನ್ನ ಯಾಕೆ ತಂದೆ?"

"ಹಡಗಿಳಿದು ಹಂಗೇ ಹಿರಿಯೂರಿಗೆ ಹೋಗ್ಬೇಕಲ್ಲ. ಮತ್ತೆ ಊರಿಗೆ ಹೋದ್ರೆ ನಿನ್ನಳಿಯ ಹೊರಗೆ ಬಿಡ್ತಾನೇನು?"

ಪರದೆ ನೋಡುತ್ತಿದ್ದವನು ಇದು ಏನು ಎಂದು ಹಿಂದಿಯಲ್ಲಿ ಕೇಳಿದ. ನನ್ನ ಹಿಂದಿ ಚಿತ್ರದುರ್ಗದ ಸಂತೆಯಲ್ಲಿ ಕಲಿತದ್ದು, ಚೌಕಾಸಿಗೆ ಸಾಕು, ಬಾಣಂತನಕ್ಕೆ ಸಾಲದು. "ಬಚ್ಚೇ ಕಾ ಪತ್ಥರ್" ಎಂದೆ. ಮಗು ಎಲ್ಲಿ ಎಂದ. ಇನ್ನೂ ಹುಟ್ಟಿಲ್ಲ ಎಂದೆ. ಅವನ ಮುಖ ಗಂಭೀರವಾಯಿತು. ಅಷ್ಟರಲ್ಲಿ ಆ ಹೆಂಗಸು ಕಲ್ಲನ್ನು ಕೈಗೆತ್ತಿಕೊಂಡು, ನಡುವಿನ ಗುಳಿಯ ಮೇಲೆ ಹೆಬ್ಬೆರಳು ಆಡಿಸಿದಳು. "ಬಾಳಗುಟೀ!" ಎಂದು ನಕ್ಕಳು. ಅವರ ಕಡೆಯೂ ಕೂಸಿಗೆ ಬೇರು ತೇಯುತ್ತಾರಂತೆ. ಅಕ್ಕ ಕನ್ನಡದಲ್ಲಿ, ಅವಳು ಮರಾಠಿಯಲ್ಲಿ, ತೇಯುವ ಕೈ ಆಡಿಸಿಕೊಂಡೇ ಬಹಳ ಹೊತ್ತು ಮಾತಾಡಿದರು. ಹಿಂದಿನ ಸಾಲು ಗೊಣಗತೊಡಗಿದ ಮೇಲೆ ನಮ್ಮನ್ನು ಬಿಟ್ಟರು.

ಹಡಗಿನ ವೈಭವವನ್ನು ನಾನು ವರ್ಣಿಸಲಾರೆ. "ಇದು ಹಡಗಲ್ಲ ಬಿಡೋ, ಕಲ್ಯಾಣ ಮಂಟಪ ತೇಲ್ತಾ ಐತೆ" ಎಂದು ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದಳು. ಮೂರು ಹೊತ್ತೂ ಊಟ, ನಡುನಡುವೆಯೂ ಊಟ. ನಾನು ಹೆಸರು ಗೊತ್ತಿಲ್ಲದ್ದನ್ನೆಲ್ಲ ಇದು ಸಸ್ಯಾಹಾರವೋ ಎಂದು ಕೇಳಿ ಕೇಳಿ ತಿಂದೆ. ಅಕ್ಕ ಅನ್ನ ಮೊಸರು ಹಾಕಿಕೊಂಡು, ಸೆರಗಿನ ಮರೆಯಿಂದ ರೊಟ್ಟಿ ಚಟ್ನಿಪುಡಿ ತೆಗೆಯುತ್ತಿದ್ದಳು.

ನಾವಿಬ್ಬರೂ ಅಲ್ಲಿಯ ತನಕ ಕಂಡಿದ್ದ ದೊಡ್ಡ ನೀರು ಅಂದರೆ ಮಾರಿಕಣಿವೆ ಡ್ಯಾಮು. ಅದು ತುಂಬಿ ಕೋಡಿ ಬಿತ್ತೆಂದರೆ ನಮ್ಮ ಕಡೆಯವರು ಟ್ರ್ಯಾಕ್ಟರು ಕಟ್ಟಿಕೊಂಡು ನೋಡಲು ಹೋಗುತ್ತಾರೆ. ಅಕ್ಕ ಹಡಗಿನ ಕಂಬಿ ಹಿಡಿದು ಸಮುದ್ರವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಅಲ್ಲಾ ರುದ್ರ, ಇಷ್ಟು ನೀರು ಐತಲ್ಲ, ಇದಕ್ಕೆ ಕೋಡಿ ಎಲ್ಲೈತೆ?"

ನಾನು ಓದಿದವನು, ಅಚ್ಚುಕೂಟದವನು. ಸಮುದ್ರಕ್ಕೆ ಕೋಡಿ ಇಲ್ಲ ಎಂದೆ. "ಮತ್ತೆ ತುಂಬಿದ್ರೆ?" ಅಂದಳು. ತುಂಬುವುದಿಲ್ಲ ಎಂದೆ. ಯಾಕೆ ಅಂದಳು. ಕಾಫಿ ಕುಡಿಯುವ ಹೊತ್ತಾಯಿತು ಎಂದು ಅಲ್ಲಿಂದ ಜಾರಿಕೊಂಡೆ.

ಈ ನಡುವೆ ಅಕ್ಕ ತಾಲೀಮು ನಡೆಸಿದ್ದಳು. ಲಿಫ್ಟು ಇದ್ದರೂ ಮೆಟ್ಟಿಲು. ಚೀಲವನ್ನು ಕೋಣೆಯಿಂದ ಊಟದ ಹಾಲಿಗೆ, ಅಲ್ಲಿಂದ ಕೋಣೆಗೆ ಹೊತ್ತು ತಿರುಗಿದಳು. ಜೊತೆಗೆ ಬಂದಿದ್ದ ಬೇರೆ ಊರಿನ ಸಿಮೆಂಟು ಅಂಗಡಿಯವರು, "ಅಮ್ಮಾರು ಬಂಗಾರ ಮಡಿಕ್ಕಂಡವ್ರೇನ್ರಿ ಅದ್ರಾಗೆ?" ಎಂದು ನನ್ನನ್ನು ಕೇಳಿದರು. ಕಲ್ಲು ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆ ಎಂದು ನಕ್ಕರು. ಗೋವಾದಲ್ಲಿ ನಾನು ಗೋಡಂಬಿ ಕೊಂಡು ಸೂಟ್‌ಕೇಸು ತುಂಬಿಸಿದೆ. ಅಲ್ಲಿನ ಕಲ್ಲು ಹಾಸಿನ ಮೇಲೆ ಎಳೆದು ಒಂದು ಗಾಲಿ ಕಿತ್ತು ಬಂತು. ಅಕ್ಕನ ಜೊತೆ ನಾನೂ ಸ್ವಂತ ಸಾಮಾನು ಹೊತ್ತೇ ಇಳಿಯಬೇಕಾದವನು ಅನ್ನುವುದು ಆಗ ಜ್ಞಾಪಕಕ್ಕೆ ಬಂತು.

ಕೊನೆಯ ಸಂಜೆ ಹೆಸರು ಬರೆಸಲು ಹೋದೆವು. ಮೇಜಿನ ಹಿಂದಿದ್ದ ಹುಡುಗಿ ಅಕ್ಕನ ಬಿಳಿಗೂದಲು, ಕೈಯಲ್ಲಿದ್ದ ಚೀಲ ನೋಡಿ, ಗಾಲಿಕುರ್ಚಿ ಕೊಡುತ್ತೇವೆ, ಚೀಲ ನಾವೇ ತರುತ್ತೇವೆ, ದುಡ್ಡಿಲ್ಲ ಎಂದು ತುಂಬ ಪ್ರೀತಿಯಿಂದ ಹೇಳಿದಳು. ನಾನು ಅದನ್ನು ಅಕ್ಕನಿಗೆ ಹೇಳಿದೆ. ದೇವರಾಣೆ, ಅವಳು ಒಪ್ಪಿಬಿಡಲಿ ಎಂದು ನನಗೆ ಒಳಗೊಳಗೇ ಅನ್ನಿಸಿತ್ತು.

"ಆ ಹುಡುಗೀಗೆ ಹೇಳು, ಪುಣ್ಯ ಬರ್ಲಿ ನಿಂಗೆ ಅಂತ. ಚೀಟಿ ಇಸ್ಕ."

ಕಿತ್ತಳೆ ಬಣ್ಣದ ಎರಡು ಚೀಟಿ ಕೊಟ್ಟಳು. ಸ್ವಂತ ಹೊರೆಯವರು ಎಂಬುದಕ್ಕೆ ಅದೇ ಗುರುತು. ಅಕ್ಕ ತನ್ನದನ್ನು ಚೀಲದ ಹಿಡಿಕೆಗೆ ಮೂರು ಗಂಟು ಹಾಕಿ ಕಟ್ಟಿದಳು.

ಬೆಳಿಗ್ಗೆ ನಾನು ಕಣ್ಣು ಬಿಟ್ಟಾಗ ಅಕ್ಕ ಪೂಜೆ ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಏಳೋ, ಏಳೋ, ಊರು ಬಂತು" ಎಂದಳು. ಅಪ್ಪನ ದನಿಯೇ. ಕಿಟಕಿಯಲ್ಲಿ ನೋಡಿದರೆ ಬರೀ ನೀರು. ದೂರದಲ್ಲಿ ಒಂದು ಬೂದು ಗೆರೆ, ಅದು ಮುಂಬೈಯೋ ಮೋಡವೋ ಹೇಳಲಾಗದು. ಆದರೂ ಹೋಗಿ ನಿಂತೆವು. ಇಳಿಯುವ ಬಾಗಿಲ ಮುಂದಿನ ಹಜಾರದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ನೆಲ ಒರೆಸುತ್ತಿದ್ದವನು ನಮ್ಮ ಸುತ್ತ ಒರೆಸಿಕೊಂಡು ಹೋದ. ಹಡಗಿನ ಅಧಿಕಾರಿಯೊಬ್ಬ ಬಂದು, ಇನ್ನೂ ಬಹಳ ಹೊತ್ತಿದೆ, ಕೂತು ತಿಂಡಿ ತಿನ್ನಿ ಎಂದ.

"ಇಳಿಯೋರು ಮುಂದೆ ಬಂದು ನಿಂತಿರ್ಬೇಕಪ್ಪ. ಆಮ್ಯಾಲೆ ನೀವು ರೈಟ್ ಅಂದ್ಬಿಟ್ರೆ?" ಎಂದಳು ಅಕ್ಕ. ನಾನು ಇದನ್ನು ಇಂಗ್ಲಿಷಿಗೆ ತರುವ ಗೋಜಿಗೆ ಹೋಗಲಿಲ್ಲ.

ನಿಂತೆವು. ನನ್ನ ಕಾಲು ಜೋಮು ಹಿಡಿಯಿತು, ಬೆನ್ನು ಹಿಡಿಯಿತು. ಅಕ್ಕ ಕಲ್ಲುಕಂಬದ ಹಾಗೆ ನಿಂತಿದ್ದಳು. ಹಿಂದೆ ಒಬ್ಬೊಬ್ಬರೇ ಬಂದು ಸಾಲು ಬೆಳೆಯಿತು. ಎಲ್ಲರ ಕೈಯಲ್ಲೂ ಕಿತ್ತಳೆ ಚೀಟಿ, ಎಲ್ಲರೂ ನನಗಿಂತ ಗಟ್ಟಿಮುಟ್ಟು. ನಮ್ಮ ಬೆನ್ನಿಗೇ ಒಂದು ಎಳೇ ಜೋಡಿ. ಗಂಡನ ಎರಡು ಕೈಯಲ್ಲೂ ದೊಡ್ಡ ಪೆಟ್ಟಿಗೆಗಳು, ಬೆನ್ನ ಮೇಲೊಂದು. ಹೆಂಡತಿಯ ಹೆಗಲಿಗೆ ಬ್ಯಾಗು, ಒಂದು ಕೈಯಲ್ಲಿ ಮಡಚಿದ ತಳ್ಳುಗಾಡಿ, ಇನ್ನೊಂದರಲ್ಲಿ ಕೆಲವೇ ತಿಂಗಳ ಕೂಸು. ಕೂಸು ಆಗಲೇ ಮುಲುಗುತ್ತಿತ್ತು. ಅಕ್ಕ ಒಂದು ಸಲ ತಿರುಗಿ ನೋಡಿದಳು.

ಬಾಗಿಲು ತೆರೆಯಿತು. ಹಡಗಿನಿಂದ ನೆಲಕ್ಕೆ ಇಳಿಜಾರಾದ ಸೇತುವೆ, ಕಾಲು ಜಾರದಿರಲೆಂದು ಅಡ್ಡಡ್ಡ ಪಟ್ಟಿ, ಎರಡೂ ಕಡೆ ಕಂಬಿ. ಎಲ್ಲರಿಗಿಂತ ಮೊದಲು ಅಕ್ಕ ಕಾಲಿಟ್ಟಳು. ಎಡಗೈಯಲ್ಲಿ ಕಂಬಿ, ಬಲಗೈಯಲ್ಲಿ ಚೀಲ. ಹಿಂದೆ ನಾನು, ಕುಂಟು ಸೂಟ್‌ಕೇಸನ್ನು ಎದೆಗವಚಿಕೊಂಡು. ಅಕ್ಕನ ಪಾದ ಒಂದೊಂದು ಪಟ್ಟಿ ದಾಟುವಾಗಲೂ ನನ್ನ ಉಸಿರು ನಿಂತು ನಿಂತು ಬರುತ್ತಿತ್ತು. ಅವಳ ಕಾಲು ತಪ್ಪಲಿಲ್ಲ. ಭೇಷ್ ಗಂಗಕ್ಕ, ಹಿರಿಯೂರು ಸಿಕ್ಕಿತು ಅಂದುಕೊಂಡೆ.

ಅರ್ಧ ದಾರಿಯಲ್ಲಿ ಕೂಸು ಕಿಟಾರನೆ ಕಿರುಚಿತು. ಅಂತಿಂಥ ಅಳುವಲ್ಲ, ಉಸಿರು ಕಟ್ಟಿ, ಮುಖ ಕೆಂಪಾಗಿ, ಸೆಟೆದುಕೊಂಡು ಅಳುವ ಅಳು. ಆ ತಾಯಿ ಕಂಬಿ ಹಿಡಿಯಲು ಕೈಯಿಲ್ಲದೆ, ಮುಂದೆ ಹೋಗಲೂ ಆಗದೆ ನಿಂತುಬಿಟ್ಟಳು. ಅವಳ ಗಂಡ ಹಿಂದೆ ಪೆಟ್ಟಿಗೆಗಳ ನಡುವೆ ಸಿಕ್ಕಿಕೊಂಡಿದ್ದ. ಕೂಸು ಅವಳ ತೋಳಿನಿಂದ ಜಾರುವ ಹಾಗೆ ಒದ್ದಾಡುತ್ತಿತ್ತು.

ಅಕ್ಕ ನಿಂತಳು. ತಿರುಗಿದಳು.

"ಹೊಟ್ಟೇಲಿ ಗಾಳಿ ಸಿಕ್ಕಂಡೈತೆ" ಎಂದಳು. ಚೀಲವನ್ನು ನನ್ನ ಕಡೆ ಚಾಚಿದಳು. "ಹಿಡಿ."

"ಅಕ್ಕಾ, ಚೀಲ! ಮಂಜ ಏನಂದಿದ್ದ?"

"ಹಿಡಿಯೋ ಅಂದ್ರೆ!"

ಹಿಡಿದೆ. ಜನ್ಮದಲ್ಲಿ ಮೊದಲ ಸಲ ಆ ಚೀಲ ನನ್ನ ಕೈಗೆ ಬಂತು. ಏನು ಭಾರ ಅಂತೀರಿ! ಭುಜ ಕಿತ್ತು ಬಂದ ಹಾಗಾಯಿತು. ಆಪರೇಷನ್ ಆದ ಕಾಲಿನವಳು ಇದನ್ನು ಎಲೆಯಡಿಕೆ ಸಂಚಿಯ ಹಾಗೆ ಹಿಡಿದಿದ್ದಳು. ಅಷ್ಟರಲ್ಲಿ ಅಕ್ಕ ಆ ತಾಯಿಯ ತೋಳಿನಿಂದ ಕೂಸನ್ನು ತೆಗೆದುಕೊಂಡು, ಬೋರಲಾಗಿ ತನ್ನ ಮುಂಗೈ ಮೇಲೆ ಮಲಗಿಸಿಕೊಂಡು, ಬೆನ್ನು ನೀವತೊಡಗಿದ್ದಳು. "ಆತು ಕಂದಾ, ಆತು ನನ್ನಪ್ಪಾ, ಹೋತು, ಹೋತು." ಕೂಸು ದೊಡ್ಡವರ ಹಾಗೆ ಒಂದು ತೇಗು ತೇಗಿತು. ಅಳು ಅರ್ಧಕ್ಕೇ ನಿಂತಿತು. ಆ ತಾಯಿ ಕಂಬಿ ಹಿಡಿದುಕೊಂಡು ತಲೆ ಬಾಗಿಸಿದಳು. ಅವಳ ಕಣ್ಣು ತುಂಬಿದ್ದವು. ಕೂಸನ್ನು ತಿರುಗಿ ಇಸಿದುಕೊಳ್ಳಲು ಅವಳಿಗೆ ಕೈ ಎಲ್ಲಿತ್ತು? ಅಕ್ಕ ಅದನ್ನು ಹೆಗಲಿಗೆ ಹಾಕಿಕೊಂಡು, ಕಂಬಿ ಹಿಡಿದು, ಮಿಕ್ಕ ಇಳಿಜಾರನ್ನು ಇಳಿದಳು. ಅಲ್ಲಿಂದ ದೊಡ್ಡ ಶೆಡ್ಡು, ಶೆಡ್ಡಿನಲ್ಲಿ ಚೀಟಿ ನೋಡುವ ಉದ್ದನೆಯ ಸಾಲು, ಆಮೇಲೆ ಗೇಟು. ಅಷ್ಟೂ ದೂರ ಕೂಸು ಅವಳ ಹೆಗಲ ಮೇಲೆ ಬಾಯಿ ಬಿಟ್ಟುಕೊಂಡು ಮಲಗಿತ್ತು. ಹಿಂದ್ಹಿಂದೆ ಎರಡು ಹೊರೆಯ ಕತ್ತೆಯಾಗಿ ನಾನು.

ಗೇಟಿನಾಚೆ ಕೂಸನ್ನು ತಾಯಿಗೆ ಒಪ್ಪಿಸಿ, ಅದರ ಅಂಗಾಲಿಗೆ ಒಂದು ಮುತ್ತು ಕೊಟ್ಟು ಕಳಿಸಿದ ಮೇಲೆ ಅಕ್ಕನಿಗೆ ಚೀಲದ ನೆನಪಾಯಿತು. ನನ್ನ ಕೈಯಲ್ಲಿದ್ದ ಅದನ್ನು ನೋಡಿದಳು. ಅವಳ ಮುಖ ಸಣ್ಣಗಾದದ್ದನ್ನು ನಾನು ಅದೇ ಮೊದಲು ಕಂಡದ್ದು. ಕಟ್ಟೆಯ ಮೇಲೆ ಕೂತಳು.

"ಮಂಜಂಗೆ ಫೋನ್ ಹಚ್ಚು. ಇದ್ದಿದ್ದು ಇದ್ದಂಗೆ ಹೇಳು."

"ನಾನು ಚೀಲ ಮುಟ್ಟಿದ್ದನ್ನ ಯಾರು ನೋಡವ್ರೆ ಬಿಡು ಅಕ್ಕ."

"ನಾನು ನೋಡೀನಲ್ಲ" ಎಂದಳು.

ಫೋನು ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದ. "ಏನಾತು ಮಾವ? ಇಳಿದ್ಲಾ?"

"ಇಳಿದ್ಲು. ಚೀಲ ಮಾತ್ರ ಅರ್ಧದಿಂದ ನಾನು ಹೊತ್ತೆ."

ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು. "ನಾ ಹೇಳ್ಲಿಲ್ವಾ? ಕಾಲು ನೋವು ಬಂತಾ?"

"ಕಾಲಿಗೇನೂ ಆಗಿಲ್ಲ. ಅವಳ ಕೈ ಖಾಲಿ ಇರ್ಲಿಲ್ಲ. ಕೂಸಿತ್ತು."

"ಯಾರ ಕೂಸು?"

"ಯಾರದೋ. ಸೇತುವೆ ಮ್ಯಾಲೆ ಅಳ್ತಿತ್ತು. ಎತ್ಕಂಡ್ಲು. ಗೇಟಿನ ತಂಕ ಹೊತ್ಕಂಡು ಬಂದ್ಲು."

ಮಂಜನ ಹಿಂದೆ ಲಾರಿಯಿಂದ ಮೂಟೆ ಇಳಿಸುವ ಸದ್ದು ಕೇಳುತ್ತಿತ್ತು. ಆಮೇಲೆ, "ಮಲಗ್ತಾ?" ಎಂದ.

"ಗೊರಕೆ ಹೊಡೀತಿತ್ತು."

ಅವನು ನಕ್ಕನೋ, ಮೂಗು ಸೇದಿದನೋ ತಿಳಿಯಲಿಲ್ಲ. "ಮಾವ, ನೀವು ಹೊಲ್ಟ ದಿನಾನೇ ನೋಡ್ದೆ, ಗೋಡೆ ಗೂಡಿನಾಗೆ ತೇಯೋ ಕಲ್ಲಿರ್ಲಿಲ್ಲ. ಆವಾಗ್ಲೇ ನಾ ಸೋತೆ. ಅವ್ವ ಕಲ್ಲು ತಗಂಡು ಹೋದ್ಮ್ಯಾಲೆ ಬ್ರಹ್ಮ ಬಂದ್ರೂ ನಿಲ್ಸಾಕಾಗಲ್ಲ. ಹೊಸದುರ್ಗದ ಬಡಗಿ ಬಾಷಾ ಸಾಬ್ರ ಕೈಲಿ ಎತ್ತರದ ಮಣೆ ಮಾಡ್ಸೀನಿ. ಕುಂತ್ಕಳಾಕೊಂದು, ಅದ್ರ ಸಮಕ್ಕೆ ಕಾಲು ನೀಡಾಕೊಂದು. ನಿನ್ನೆ ಹಿರಿಯೂರಿಗೆ ಹೋಗಿ ಮುಟ್ಟೈತೆ. ನೆಲದ ಮ್ಯಾಲೆ ಮಾತ್ರ ಕುಂತ್ಕಬ್ಯಾಡ ಅಂತ ಹೇಳು, ಅಷ್ಟೇ."

ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಆ ಜನಜಂಗುಳಿಯ ನಡುವೆ ನಿಂತು ಅತ್ತೆ.

"ಏನಂದ? ಬೈದ್ನಾ?" ಎಂದಳು ಅಕ್ಕ.

ಹೇಳಿದೆ. ಕುಂತ್ಕಳಾಕೊಂದು, ಕಾಲು ನೀಡಾಕೊಂದು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ತೇಗದ್ದೋ, ಬೇವಿಂದೋ?"

"ಕೇಳ್ಲಿಲ್ಲ."

"ಕೇಳ್ಬೇಕಿತ್ತು. ದಿನಾ ನೀರು ಬೀಳ್ತೈತೆ ಅದ್ರ ಮ್ಯಾಲೆ" ಎಂದು ಎದ್ದಳು. ಯಾರ ಕೈಯನ್ನೂ ಹಿಡಿಯದೆ ಎದ್ದಳು. ನನ್ನ ಮುಂದೆ ಕೈ ಚಾಚಿದಳು. "ಕೊಡಿತ್ಲಾಗೆ ನನ್ನ ಚೀಲ. ನಿಂದು ನೀನು ಹೊತ್ಕ."

ನಾನು ಮೂಗು ಒರೆಸಿಕೊಂಡು ಸೂಟ್‌ಕೇಸು ಎತ್ತಿಕೊಳ್ಳುವಷ್ಟರಲ್ಲಿ ಅವಳು ರಸ್ತೆ ತಲುಪಿದ್ದಳು. ಅಲ್ಲಿ ನಿಂತಿದ್ದ ಟ್ಯಾಕ್ಸಿಯೊಂದರ ಕಿಟಕಿಗೆ ಬಗ್ಗಿ ಕೇಳುತ್ತಿದ್ದಳು:

"ಹಿರಿಯೂರಿಗೆ ಹೋಗ್ತೈತೇನಪ್ಪಾ?"